ಎರಡನೇ ಗೇಟಿನ ಆಚೆ

'ಸಂಗ್ರಹಿಸಿದ ಜಾಗ' ಎಂಬ ಖಾನೆಯಲ್ಲಿ
ಲಯೆಲ್ ಹಾರ್ಟಿಗನ್ ಬರೆದದ್ದು ಇಷ್ಟೇ:
ಎರಡನೇ ಗೇಟಿನ ಆಚೆ, ನಾಯಿ ಬೊಗಳುವಲ್ಲಿ ಎಡಕ್ಕೆ.
ಪೆನ್ಸಿಲ್ ಅಕ್ಷರ. ಎಪ್ಪತ್ತೆಂಟನೇ ಇಸವಿಯ ನವೆಂಬರ್.
ಕಪ್ಪೆ, ಒಂದು, ಗಂಡು.
ಯಕೃತ್ತು ತೆಗೆದು ಶೀತದಲ್ಲಿಟ್ಟಿದೆ.

ನಾಯಿ ಸತ್ತು ನಲವತ್ತು ವರ್ಷವಾದರೂ ಆಗಿರಬೇಕು.
ಲಯೆಲ್ ಸತ್ತು ಹನ್ನೊಂದು.
ಬ್ರಿಸ್ಬೇನಿನಲ್ಲಿ ಕೂತ ಯಂತ್ರಕ್ಕೆ ಇದೊಂದೂ ಬೇಡ.
ಅದು ಕೇಳುವುದು ಎರಡೇ ಎರಡು ಅಂಕಿ, ಅಕ್ಷಾಂಶ ರೇಖಾಂಶ,
ಚುಕ್ಕೆಯ ಮುಂದೆ ನಾಲ್ಕು ಸ್ಥಾನ.
ಕೊಡದಿದ್ದರೆ ಸಾಲು ಕೆಂಪಾಗುತ್ತದೆ,
ಕೆಂಪಾದ ಸಾಲು ಹೊಸಿಲು ದಾಟುವುದಿಲ್ಲ.

ಆರ್ಮಿಡೇಲಿನ ಜುಲೈ.
ಹೀಟರಿನ ಬಿಸಿ ಮೊಣಕಾಲಿನವರೆಗೆ,
ಮೇಲೆಲ್ಲ ಕುರಿಯುಣ್ಣೆಯ ಕರುಣೆ.
ದೇಶದ ಆರು ವಿಶ್ವವಿದ್ಯಾಲಯ, ಎರಡು ಮ್ಯೂಸಿಯಂ, ಒಂದು ಮೃಗಾಲಯ,
ಎಲ್ಲರ ಕಪ್ಪೆಗಳನ್ನೂ ಒಂದೇ ತಕ್ಕಡಿಗೆ ಹಾಕುವುದು ನನ್ನ ಉದ್ಯೋಗ.
ಕಪ್ಪೆ ತೂಗುವುದೆಂದರೇನೆಂದು
ನಮ್ಮ ಭಾಷೆಯವರಿಗೆ ಬಿಡಿಸಿ ಹೇಳಬೇಕೆ?
ಪರ್ತಿನವರು ತಾರೀಖನ್ನು ತಲೆಕೆಳಗು ಬರೆಯುತ್ತಾರೆ.
ಅಡಿಲೇಡಿನಲ್ಲಿ ಗಂಡೆಂದರೆ ಒಂದು, ಹೋಬಾರ್ಟಿನಲ್ಲಿ ಸೊನ್ನೆ.
ಒಂದನ್ನು ಕೂರಿಸುವಷ್ಟರಲ್ಲಿ
ಇನ್ನೊಂದು ನೆಗೆದು ಮೇಜಿನ ಕೆಳಗೆ.

ಕೊನೆಗೆ ಫೋನ್ ಮಾಡಿದೆ.
ಆ ಜಮೀನಿನ ನೋಲೀನ್ ಪ್ಯಾಟನ್, ಎಂಬತ್ತಮೂರು, ಕಿವಿ ಚುರುಕು.
"ಎರಡನೆಯದೆಂದರೆ ಯಾವುದಮ್ಮ?
ರಸ್ತೆಯಿಂದ ಬಂದರೆ ಎರಡು, ಮನೆಯಿಂದ ಹೊರಟರೆ ಐದು.
ಹೇಗೂ ಆ ಗೇಟು ಈಗ ಕೋಳಿಗೂಡಿನ ಬಾಗಿಲು.
ಕಂಬ ಮಾತ್ರ ಅಲ್ಲೇ ಇದೆ, ಇರು, ನೋಡಿ ಬರುತ್ತೇನೆ."
ಮೊಮ್ಮಗಳ ಫೋನ್ ಹಿಡಿದು ಮಂಜಿನಲ್ಲಿ ನಡೆದು
ಕಂಬದ ಬುಡದಿಂದ ಅಂಕಿ ಓದಿದಳು, ಒಂದೊಂದಾಗಿ,
ಮೊಟ್ಟೆ ಎಣಿಸುವ ಹಾಗೆ.
"ನಾಯಿಯ ಹೆಸರು ಬೇಕೇನು?"
ಬೇಡ ಎಂದೆ. ಅದಕ್ಕೆ ಖಾನೆಯಿಲ್ಲ.

ಸಾಲು ಹಸಿರಾಯಿತು.
ಅದರ ಪಕ್ಕದ್ದು ಆಗಲಿಲ್ಲ:
'ಯಾರ ನೆಲ? ಯಾರ ಒಪ್ಪಿಗೆ?'
ಈ ಖಾನೆ ಹೊಸತು. ಲಯೆಲನ ಕಾಲದಲ್ಲಿ
ಕೇಳುವುದು ಯಾರಿಗೂ ಹೊಳೆದಿರಲಿಲ್ಲ.

ಗುರುವಾರ ಆಂಟಿ ವೆರ್ನಾ ಬಂದರು,
ನೋಲೀನಳ ಬೇಲಿಗಿಂತ ಹಳಬರು, ಅನೈವಾನ್ ಜನ.
ಪರದೆಯ ಮೇಲೆ ಎ ಟಿ ಜಿ ಸಿ, ಎ ಟಿ ಜಿ ಸಿ,
ಐನೂರು ಕೋಟಿ ಅಕ್ಷರ, ಒಂದೂ ಪೂರ್ಣವಿರಾಮವಿಲ್ಲ.
ಚಹಾ ಆರುವ ತನಕ ನೋಡಿದರು.
"ಇದು ಕೂಗುತ್ತದೆಯೇ?"
ಇಲ್ಲ ಎಂದೆ.
ಅವರೇ ಕೂಗಿ ತೋರಿಸಿದರು, ಗಂಟಲಿನ ಆಳದಿಂದ, ಎರಡು ಸಲ.
ಕಾರಿಡಾರಿನಲ್ಲಿ ಯಾರೋ ನಿಂತ ಸದ್ದು.

"ಅಕ್ಷರ ಕೊಡಿ. ಕಾಯಿಲೆಗೆ ಮದ್ದು ಹುಡುಕುವವರು ಓದಲಿ.
ಜಾಗ ಕೊಡಬೇಡಿ.
ಹಿಂದೆ ಜಾಗ ಹೇಳಿದಾಗಲೆಲ್ಲ
ಬಕೆಟ್ ಹಿಡಿದವರು ಮೊದಲು ಬಂದರು.
ಮೂರು ಉಳಿದಿವೆಯೋ, ನಾಲ್ಕೋ, ಯಾರು ಕಂಡರು?"

ನಾಲ್ಕು ಸ್ಥಾನದಲ್ಲಿ ಮೂರನ್ನು ಅಳಿಸಿದೆ.
ಮಂಜಿನಲ್ಲಿ ನಡೆದ ನೋಲೀನಳ ಹೆಜ್ಜೆಗಳನ್ನೂ
ಅಳಿಸಿದೆನೆಂದು ಆಮೇಲೆ ಹೊಳೆಯಿತು.
ಈಗ ಕಪ್ಪೆ ಹತ್ತು ಕಿಲೋಮೀಟರ್ ಅಗಲದ ಒಂದು ಮಸುಕು,
ಅದರೊಳಗೆ ಎಲ್ಲಾದರೂ ಇರಬಹುದು.
ಯಂತ್ರ ತಕರಾರಿಲ್ಲದೆ ನುಂಗಿತು.

ಆ ರಾತ್ರಿಯೇ ಘೆಂಟಿನಿಂದ ಯಾರೋ ಇಳಿಸಿಕೊಂಡರು,
ಮರುದಿನ ನಕುರುವಿನಿಂದ ಇನ್ನೊಬ್ಬರು.
ಚರ್ಮ ತಿನ್ನುವ ಬೂಸ್ಟಿನ ಪಕ್ಕ ಇಟ್ಟು ನೋಡುತ್ತಾರಂತೆ.
ಹೆಸರು ಗೊತ್ತಿಲ್ಲ. ದಾಖಲೆಗೆ ಇಳಿದದ್ದು ಹೊತ್ತು ಮಾತ್ರ.

ಮತ್ತೆ ಫೋನ್ ಮಾಡಿ ಕೇಳಿ,
'ಇತರೆ' ಎಂಬಲ್ಲಿ ಬರೆದಿದ್ದೇನೆ: ನಾಯಿ, ಮಡ್ಜ್.
ಯಂತ್ರ ಅದನ್ನು ಪರೀಕ್ಷಿಸುವುದಿಲ್ಲ.

ಮೊನ್ನೆ ಅಂಚೆಯ ಹುಡುಗನ ಕೈಲಿ
ನೋಲೀನ್ ಒಂದು ಡಜನ್ ಮೊಟ್ಟೆ ಕಳಿಸಿದಳು.
ಡಬ್ಬದ ಮೇಲೆ ವಿಳಾಸವಿಲ್ಲ.
ಎಲ್ಲಿಯವೆಂದು ನನಗೆ ಗೊತ್ತು.